ಉಪ್ಪು ಹಾಕಿದ ಬೇಲಿ

ಬೇಲಿ ಹಾಕಿಸುವುದು ಸುಲಭ ಎನ್ನುವವರನ್ನು ನಾನು ನಂಬುವುದಿಲ್ಲ. ಅವರು ಬೇಲಿ ಹಾಕಿಸಿರಬಹುದು, ಬೇಲಿಗೆ ಜಾಗ ಸಿದ್ಧ ಮಾಡಿಸಿದವರು ಬೇರೆ ಯಾರೋ ಇರಬೇಕು. ಕಂಬ ನಿಲ್ಲಿಸಿ ತಂತಿ ಎಳೆಯುವುದು ಹಗಲೊಪ್ಪತ್ತಿನ ಕೆಲಸ. ಅದಕ್ಕೆ ಮೊದಲು ಹಳೆಯ ಬೇಲಿ ಕಡಿಸಬೇಕು, ಬೇರು ಕೀಳಿಸಬೇಕು, ಸಾಲು ಹಿಡಿಸಬೇಕು, ಗುಂಡಿ ತೋಡಿಸಬೇಕು. ಇಷ್ಟನ್ನೂ ಬಾಯಿಮಾತಿನಲ್ಲೇ ಮಾಡಿಸಿಬಿಡುತ್ತೇನೆಂದು ಹೊರಟವಳು ನಾನು. ನಗುವವರು ನಗಬಹುದು, ನಮ್ಮ ಯಜಮಾನರಂತೂ ಇನ್ನೂ ನಗುತ್ತಲೇ ಇದ್ದಾರೆ.

ಆಗ ನಾವಿದ್ದದ್ದು ಎಚ್.ಡಿ. ಕೋಟೆಯ ಹ್ಯಾಂಡ್‌ಪೋಸ್ಟಿನಿಂದ ಸ್ವಲ್ಪ ಒಳಗೆ. ಯಜಮಾನರು ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು. ಹಿತ್ತಲಿಗೆ ಲಂಟಾನ, ಕಳ್ಳಿ ಎಲ್ಲ ಕಲೆತು ಬೆಳೆದ ಹಳೆಯ ಬೇಲಿ, ಅದರ ಒಳಮಗ್ಗುಲಿಗೆ ನನ್ನ ಅವರೆ ಸಾಲು. ಬೇಲಿಯಾಚೆ ಪುಟ್ಟಮ್ಮನ ಹಿತ್ತಲು ಮತ್ತು ಪುಟ್ಟಮ್ಮನ ಎಮ್ಮೆ. ಅವರೆಗೆ ಸೊಗಡು ಕೂಡುವ ದಿನ ನನಗಿಂತ ಮೊದಲು ಆ ಎಮ್ಮೆಗೆ ಗೊತ್ತಾಗುತ್ತಿತ್ತು. ಹಿಂದಿನ ವರ್ಷ ಹಿತಕಿದಬೇಳೆ ಸಾರು ತಿನ್ನಲು ಬಾ ಎಂದು ಮೈಸೂರಿನಿಂದ ನಾದಿನಿಯನ್ನು ಕರೆಸಿಕೊಂಡು, ಬೆಳಿಗ್ಗೆ ಮೊರ ಹಿಡಿದು ಹಿತ್ತಲಿಗೆ ಹೋದರೆ ಬರೀ ಕಡ್ಡಿ. ನಾದಿನಿಗೆ ತೊಗರಿಬೇಳೆ ಸಾರು ಬಡಿಸಿದೆ. ಅವಳು ಸೌಟಿನಲ್ಲಿ ತಳ ಕೆದಕಿ, "ಅವರೆ ತುಂಬ ಎಳೇದೇನೋ ಅತ್ತಿಗೆ, ಕರಗೇ ಹೋಗಿದೆ" ಎಂದಳು. ಆ ಮಾತು ನನಗೆ ವರ್ಷವಿಡೀ ಚುಚ್ಚಿತು. ಈ ಸಲ ಒಂದು ಪಾತ್ರೆ ಸಾರಿಗಾಗುವಷ್ಟಾದರೂ ಅವರೆಯನ್ನು ಎಮ್ಮೆಯಿಂದ ಉಳಿಸಿಕೊಳ್ಳಲೇಬೇಕೆಂದು ಹಠ ಹಿಡಿದು, ಕಲ್ಲುಕಂಬ ಮತ್ತು ಮುಳ್ಳುತಂತಿಗೆ ಯಜಮಾನರನ್ನು ಒಪ್ಪಿಸಿದೆ.

ಬೇಲಿ ಕಡಿಯಲು ಚಿಕ್ಕಣ್ಣ ಎಂಬಾತ ಬಂದ ದಿನವೇ ನಾವಿಬ್ಬರೂ ಪಿರಿಯಾಪಟ್ಟಣಕ್ಕೆ ನನ್ನ ತಂಗಿಯ ಮೊಮ್ಮಗುವಿನ ನಾಮಕರಣಕ್ಕೆ ಹೊರಟಿದ್ದೆವು. ಬಸ್ಸಿನ ಹಾರನ್ ಕೇಳಿಸುತ್ತಿತ್ತು. ನಾನು ಚಪ್ಪಲಿ ಮೆಟ್ಟುತ್ತಲೇ, "ಚಿಕ್ಕಣ್ಣ, ಎಲ್ಲ ಕಡಿದುಹಾಕಿ ಆ ಸಾಲಿಗೆ ಗುಣಿ ತೆಗೆದುಬಿಡಪ್ಪ. ಏನಾದರೂ ಬೇಕಾದರೆ ಅತ್ತೆಯವರನ್ನು ಕೇಳು" ಎಂದು ಕೂಗಿ ಓಡಿದೆ.

ಇಲ್ಲಿ ನನ್ನ ತವರಿನ ಮಾತು ಹೇಳಬೇಕು. ಅದು ಕೆ.ಆರ್. ನಗರದ ನಾಲೆ ಬಯಲು. ಅಲ್ಲಿ ಯಾರಾದರೂ ನೆಲಕ್ಕೆ ಹಾರೆ ಹಾಕಿದರೆ ಅದು ತೆಂಗಿನ ಗುಣಿಗೇ. ಹಾಗಾಗಿ ನಮ್ಮ ಮನೆಯಲ್ಲಿ ಎಲ್ಲ ಗುಂಡಿಯೂ ಗುಣಿಯೇ. ರಸ್ತೆಯ ಗುಂಡಿ ಗುಣಿ, ಕಸದ ಗುಂಡಿ ಗುಣಿ. ನಕ್ಕರೆ ನಮ್ಮ ಚಿಕ್ಕಪ್ಪನ ಕೆನ್ನೆಯಲ್ಲಿ ಬೀಳುತ್ತಿದ್ದದ್ದೂ ಗುಣಿಯೇ.

ನಾಮಕರಣ ಮುಗಿಸಿ, ನಾಲ್ಕು ದಿನ ಉಳಿದು ಹಿಂದಿರುಗಿದರೆ ಹಿತ್ತಲು ಬಟ್ಟಂಬಯಲು. ಬೇಲಿ ಇದ್ದ ಕಡೆ ಸೊಂಟದ ಮಟ್ಟದ ಹೊಂಡಗಳು, ಒಂದೊಂದರಲ್ಲೂ ಒಬ್ಬಾಳು ಕಾಲು ಮಡಿಸಿ ಕೂರಬಹುದು.

"ಇದೇನಪ್ಪ ಇದು?" ಎಂದೆ.

"ತೆಂಗಿನ್ ಗುಣಿ ಕಣ್ರಮ್ಮಾರೆ. ಲಕ್ಷಣವಾಗ್ ತೆಗ್ದಿವ್ನಿ, ನೋಡ್ಕಳಿ."

"ತೆಂಗು ಅಂತ ಯಾರಯ್ಯ ಹೇಳಿದ್ದು?"

"ನೀವೇ ಗುಣಿ ಅಂದ್ರಲ್ಲಾ! ಕಂಬಕ್ಕಾಗಿದ್ರೆ ಗುಂಡಿ ಅಂತಿದ್ರಿ."

ನಾನು ಅತ್ತೆಯ ಮುಖ ನೋಡಿದೆ. "ನೀವಾದರೂ ಬೇಲಿಗೆ ಅಂತ ಹೇಳಬಾರದಿತ್ತೇ?"

"ನಿಂಗೆ ಕೊನೇಗಳ್ಗೇಲಿ ಬುದ್ಧಿ ಬಂತು ಅನ್ಕಂಡೆ ಕಣಮ್ಮಿ. ತಂತಿ ಏನು ಕಾಯಿ ಬುಡ್ತದಾ? ತೆಂಗೇ ವಾಸಿ ಅಂತ ಗುಣಿಗೆಲ್ಲ ಉಪ್ಪೂ ಹಾಕ್ಸಿವ್ನಿ."

ತೆಂಗಿನ ಗುಣಿಗೆ ಉಪ್ಪು ಹಾಕುವುದು ಶಾಸ್ತ್ರ. ಅಡುಗೆಮನೆಗೆ ಹೋಗಿ ನೋಡಿದರೆ ಕಲ್ಲುಪ್ಪಿನ ದೊಡ್ಡ ಜಾಡಿ ಬೋರಲು ಬಿದ್ದಿತ್ತು. ಯಜಮಾನರು ಹಿತ್ತಲ ಬಾಗಿಲಲ್ಲಿ ನಿಂತು, "ಒಂದು ಸೊನ್ನೆ ಬಿಟ್ಟರೆ ಲೆಕ್ಕವೆಲ್ಲ ತಪ್ಪುತ್ತೆ ಅಂತ ಮಕ್ಕಳಿಗೆ ದಿನಾ ಹೇಳ್ತೀನಿ. ನಿನಗೆ ಹೇಳೋದು ಮರೆತೆ" ಎಂದರು.

ಉಪ್ಪೆಂದರೆ ದನಕರುಗಳಿಗೆ ಪ್ರಾಣ ಎಂಬುದು ನನಗೆ ಆಗ ಹೊಳೆಯಲಿಲ್ಲ, ಎಮ್ಮೆಗೆ ಹೊಳೆಯಿತು. ಆ ರಾತ್ರಿಯೇ ಚಿತ್ತಾ ಮಳೆ ಹೊಯ್ದು ಗುಣಿಗಳೆಲ್ಲ ತುಂಬಿದವು. ಬೇರು ಕೀಳುವಾಗ ಎರಡು ಗುಣಿ ಕುಸಿದು ಒಂದಾಗಿದ್ದ ಕಡೆ, ಬೆಳಿಗ್ಗೆ ನೋಡಿದರೆ ಎಮ್ಮೆ ಕತ್ತಿನವರೆಗೂ ಮುಳುಗಿ ಮಲಗಿದೆ. ಕೆಳಗೆ ಉಪ್ಪುನೀರು, ಮೂಗಿನ ಮಟ್ಟಕ್ಕೆ ನನ್ನ ಅವರೆ. ಒಮ್ಮೆ ನೀರು ನೆಕ್ಕುವುದು, ಒಮ್ಮೆ ಕುಡಿ ಕಚ್ಚುವುದು. ನಂಜಿಕೊಂಡು ತಿನ್ನುವ ಎಮ್ಮೆಯನ್ನು ನಾನು ನೋಡಿದ್ದು ಅದೇ ಮೊದಲು.

ಪುಟ್ಟಮ್ಮ ಎಮ್ಮೆ ಹುಡುಕಿಕೊಂಡು ಬಂದವಳು ಕೈಮುಗಿದೇಬಿಟ್ಟಳು. "ಎಂಥಾ ಮನ್ಸು ಕಣಕ್ಕ ನಿಂದು! ಮೂಕ್‌ಪ್ರಾಣಿಗೆ ಅಂತ ಹೊಂಡ ತೆಗ್ಸಿ ಉಪ್ಪು ಬೇರೆ ಹಾಕ್ಸಿದ್ದೀಯಲ್ಲಾ!" ಬೈಯಲೆಂದು ಬಾಯಿ ತೆರೆದಿದ್ದೆ. ಹೊಗಳಿಕೆ ನುಗ್ಗಿಬಂದಾಗ ಬೈಗುಳಕ್ಕೆ ಜಾಗ ಎಲ್ಲಿ? "ಇರಲಿ ಬುಡು" ಎಂದುಬಿಟ್ಟೆ. ಸಂಜೆ ಒಂದು ತಂಬಿಗೆ ಗಟ್ಟಿ ಮೊಸರು ಬಂತು. "ನಿನ್ ಕೈಗುಣ ಕಣಕ್ಕ, ಹಾಲು ಏರೈತೆ." ಕೈಗುಣವಲ್ಲ, ಬಾಯಿಯ ಗುಣಿ ಎಂದು ನಾನು ಹೇಗೆ ಹೇಳಲಿ?

ಕಲ್ಲುಕಂಬಗಳು ಬಂದಿಳಿದವು. ಚಿಕ್ಕಣ್ಣ ಮೊದಲು ಕೊನೆಯ ಒಂದು ಗುಣಿಗೆ ಮಣ್ಣು ತುಂಬಿಸಿ ಕಂಬ ನಿಲ್ಲಿಸಿದ. ಅದು ಕುಡಿದವನಂತೆ ನಿಧಾನವಾಗಿ ಪುಟ್ಟಮ್ಮನ ಕಡೆ ವಾಲಿತು. "ಗಟ್ಟಿ ನೆಲ ಬೇಕು ಅಮ್ಮಾರೆ, ಸಾಲು ಬದ್ಲಾಯ್ಸನ" ಎಂದ. ಆಚೆಗೆ ಸರಿಸೋಣವೆಂದರೆ ಅದು ಪುಟ್ಟಮ್ಮನ ಜಾಗ. ಒಳಕ್ಕೇ ಸರಿಯಬೇಕಾಯಿತು. ಯಜಮಾನರು ದಾರ ಹಿಡಿದು ಗೆರೆ ಎಳೆಸಿದರು, ನಾನು ಕಣ್ಣಲ್ಲಿ ಕಣ್ಣಿಟ್ಟು ಕಂಬದ ನೇರ ನೋಡಿದೆ. ತಂತಿ ಬಿಗಿದಾಯಿತು. ಕೈ ತೂರದಷ್ಟು ಒತ್ತಾಗಿತ್ತು. ಎಲ್ಲರೂ ಕಾಫಿ ಕುಡಿದು ಭೇಷ್ ಎಂದ ಮೇಲೆ ನನಗೆ ಕಂಡಿತು, ಅವರೆ ಸಾಲು ಬೇಲಿಯ ಆಚೆಗಿತ್ತು.

ಎಮ್ಮೆ ತಿಂದು ಉಳಿಸಿದ ಗಿಡಗಳು ಕಾಯಿ ಬಿಟ್ಟವು, ಸೊಗಡು ಕೂಡಿತು. ನಾದಿನಿಗೆ ಬಾ ಎಂದು ಫೋನ್ ಮಾಡಿಸಿದ್ದೆ. ಬೀದಿ ಸುತ್ತಿ, ಪುಟ್ಟಮ್ಮನ ಅಂಗಳ ದಾಟಿ, ನನ್ನ ಅವರೆಯ ಹತ್ತಿರ ಹೋಗಿ ಬಗ್ಗಿದೆ. ಹೊಂಡದಲ್ಲಿದ್ದ ಎಮ್ಮೆ ತಲೆಯೆತ್ತಿ ನನ್ನನ್ನು ದುರುಗುಟ್ಟಿ ನೋಡಿ ಒಂದು ಸಲ ಗಟ್ಟಿಯಾಗಿ ಅರಚಿತು. ಕೊಟ್ಟಿಗೆಯ ಕಡೆಯಿಂದ ಪುಟ್ಟಮ್ಮ ಕೋಲು ಹಿಡಿದೇ ಓಡಿಬಂದಳು.

"ಹಯ್, ಹಯ್! ಏನದು ಅವರೆಗೆ ನುಗ್ಗಿರದು?"

"ನಾನೇ ಕಣೇ ಪುಟ್ಟಮ್ಮ."

"ಅಯ್ಯೋ ನೀನಾ ಅಕ್ಕ! ಯಾವ್ದೋ ದನ ಅನ್ಕಂಡೆ."

ಅಷ್ಟರಲ್ಲಿ ನಾನು ಕಿತ್ತ ಕಾಯಿಗಳನ್ನೆಲ್ಲ ಸೆರಗಿನೊಳಗೆ ಮುಚ್ಚಿಕೊಂಡಾಗಿತ್ತು. ನನ್ನದೇ ನೆಲ, ನನ್ನದೇ ಅವರೆ. ಯಾಕೆ ಮುಚ್ಚಿಕೊಂಡೆನೋ ಗೊತ್ತಿಲ್ಲ. ಬೇಲಿಯಾಚೆ ನಿಂತ ಮೇಲೆ ಆ ಬುದ್ಧಿ ತಾನಾಗಿಯೇ ಬರುತ್ತದೆಂದು ಕಾಣುತ್ತದೆ.