ಮಾತಿಲ್ಲದ ಕತೆಗೆ ನಾನು ಹಾಕಿದ ಉಪ್ಪು

ಕಲಿಸುವವನಿಗೆ ತಾನು ಕಲಿಸುವ ವಿದ್ಯೆ ಬರುತ್ತದೆಯೇ ಎಂದು ಯಾರೂ ಕೇಳುವುದಿಲ್ಲ. ಅದರ ಮೇಲೆಯೇ ನನ್ನ ಸಂಸಾರ ನಡೆದಿದೆ. ಬನಹಟ್ಟಿಯ ಶಾಲೆಯೊಂದರಲ್ಲಿ ಏಳನೆಯ ತರಗತಿಗೆ ಕನ್ನಡ ಹೇಳುವ ನಾನು ಮಕ್ಕಳಿಗೆ ಕತೆ ಬರೆಯುವುದನ್ನೂ ಕಲಿಸುತ್ತೇನೆ. ನಾನು ಮಾತ್ರ ಈವರೆಗೆ ರಜೆಯ ಅರ್ಜಿಗಿಂತ ದೊಡ್ಡ ಕತೆ ಬರೆದವನಲ್ಲ. ಕತೆಯ ಬಗ್ಗೆ ನನಗೆ ಗೊತ್ತಿರುವುದೆಲ್ಲ ಮುಧೋಳದ ನಮ್ಮ ಆಯಿಯಿಂದ, ಅಂದರೆ ಅವ್ವನ ಅವ್ವನಿಂದ ಬಂದದ್ದು. ಆಕೆ ಕತೆ ಹೇಳಲು ಕೂತರೆ ರಾಜ, ರಾಣಿ, ಬೇಟೆನಾಯಿ ಎಲ್ಲರೂ ಮಾತಾಡುತ್ತಿದ್ದರು. ನಾಯಿ ತುಸು ಹೆಚ್ಚೇ. "ಮಾತಿಲ್ಲದ ಕತಿ ಅಂದ್ರ ಉಪ್ಪಿಲ್ಲದ ಜುಣಕ" ಎನ್ನುತ್ತಿದ್ದಳು. ಆ ಉಪ್ಪನ್ನೇ ನಾನು ವರ್ಷಾನುಗಟ್ಟಲೆ ಬೋರ್ಡಿನ ಮೇಲೆ ಬರೆಯುತ್ತ ಬಂದಿದ್ದೇನೆ: ಕತೆಯಲ್ಲಿ ಸಂಭಾಷಣೆ ಇರಲೇಬೇಕು.

ಈ ಸಲ ಜಮಖಂಡಿಯಲ್ಲಿ ಮಕ್ಕಳ ಕಥಾಸ್ಪರ್ಧೆ ಇತ್ತು. ಶಾಲೆಗೆ ಒಂದೇ ಕತೆ. ಅದನ್ನು ಹೆಡ್‌ಮಾಸ್ತರರು ನಾಲ್ಕು ಗಂಟೆಯ ಬಸ್ಸಿಗೆ ಒಯ್ಯುವವರಿದ್ದರು. ಗಡುವು ಎಂದರೆ ನನಗೆ ಅಂಗಿಯೊಳಗೆ ಇರುವೆ ಬಿಟ್ಟ ಹಾಗೆ. ಬೆಳಗಿನಿಂದ ಕೂರಲಾರೆ, ನಿಲ್ಲಲಾರೆ. ಪೆನ್ನಿನ ಮುಚ್ಚಳ ಮೂರು ಸಲ ಕಳೆದು ಎರಡೇ ಸಲ ಸಿಕ್ಕಿತ್ತು. ಮಕ್ಕಳು ಬರೆದುಕೊಟ್ಟ ಕತೆಗಳಲ್ಲಿ ಸಿಂಹಗಳೇ ಸಿಂಹಗಳು, ಎಲ್ಲವೂ ಕೊನೆಗೆ ಬುದ್ಧಿ ಕಲಿತಿದ್ದವು. ಭಾಗ್ಯಶ್ರೀ ಎಂಬ ನೇಕಾರರ ಹುಡುಗಿ ಮಾತ್ರ ತನ್ನ ಮನೆಯ ಕತೆ ಬರೆದಿದ್ದಳು. ಅವ್ವನಿಗೆ ತವರಿನ ಮದುವೆಗೆ ಹೋಗಬೇಕು. ಅಪ್ಪನಿಗೆ ಸೀರೆ ಮುಗಿಯಬೇಕು. ಓಡುತ್ತಿರುವ ಪವರ್‌ಲೂಮುಗಳ ಆಚೆ ಈಚೆ ನಿಂತು ಇಬ್ಬರೂ ಕೈಸನ್ನೆಯಲ್ಲೇ ಜಗಳಾಡುತ್ತಾರೆ. ಅವ್ವ ಹಣೆಗೆ ಬಾಸಿಂಗ ಕಟ್ಟಿದಂತೆ ತೋರಿಸುತ್ತಾಳೆ, ಅಪ್ಪ ಅರ್ಧ ನೇಯ್ದ ಸೀರೆಯ ಕಡೆ ಬೆರಳು ಮಾಡುತ್ತಾನೆ. ಅಷ್ಟರಲ್ಲಿ ಕರೆಂಟು ಹೋಗುತ್ತದೆ. ಕೊನೆಗೆ ಭಾಗ್ಯಶ್ರೀ ಬರೆದಿದ್ದಳು: 'ಈಗ ಮಾತಾಡಬಹುದಿತ್ತು. ಯಾರೂ ಮಾತಾಡಲಿಲ್ಲ. ಅಪ್ಪ ಚಹಾ ಮಾಡಿದ.'

ಓದಿ ಮುಗಿಸಿ, ಮತ್ತೊಮ್ಮೆ ಮೊದಲಿನಿಂದ ಓದಿದೆ. ಆಮೇಲೆ ಬೋರ್ಡು ನೆನಪಾಯಿತು. ಸಂಭಾಷಣೆ ಎಲ್ಲಿ? ಕೆಂಪು ಪೆನ್ನು ತೆಗೆದು, ಸಾಲು ಸಾಲುಗಳ ನಡುವೆ ಉಪ್ಪು ಹಾಕಿದೆ. 'ಸ್ವಾಮೀ, ನನ್ನ ತವರಿನ ಮಂಗಳಕಾರ್ಯಕ್ಕೆ ನನ್ನನ್ನು ಕಳುಹಿಸಲಾರಿರಾ?' ಎಂದು ಅವ್ವನಿಂದ ಹೇಳಿಸಿದೆ. ಬರೆದಾದ ಮೇಲೆ ನನಗೇ ಕಣ್ಣು ತುಂಬಿತು.

ಭಾಗ್ಯಶ್ರೀ ಓದಿದಳು. ಅವಳ ಕಣ್ಣೇನೂ ತುಂಬಲಿಲ್ಲ.

"ಸರ್‍ರೀ, ನಮ್ಮವ್ವ ಹಿಂಗ ಮಾತಾಡಿದ್ರ ನಮ್ಮಪ್ಪ ಅಂಜಿ ದವಾಖಾನಿಗೆ ಕರ್‍ಕೊಂಡ ಹೋಗ್ತಾನ್ರೀ."

"ಕತಿ ಅಂದಮ್ಯಾಲ ಮಾತು ಇರಬೇಕವಾ," ಎಂದೆ.

"ಮಗ್ಗ ನಡದಾಗ ಮಾತು ಯಾರಿಗೆ ಕೇಳಸ್ತೈತ್ರೀ? ಇದನ್ನ ಕಳಸೂದಿದ್ರ ನನ್ನ ಹೆಸರ ತಗದು ನಿಮ್ಮ ಹೆಸರ ಹಾಕ್ರಿ. ಇದು ನಿಮ್ಮ ಕತಿ ಆತು."

ಊಟದ ಬಿಡುವಿನಲ್ಲಿ ಡಬ್ಬಿ ಬಿಚ್ಚಲು ಮನಸ್ಸಾಗಲಿಲ್ಲ. ಅವ್ವ ಅಪ್ಪನಾದರೂ ಒಪ್ಪಿಸಲಿ ಎಂದು ಅವಳನ್ನು ಕರೆದುಕೊಂಡು ಹಿಂದಿನ ಓಣಿಯಲ್ಲಿದ್ದ ಅವರ ಮನೆಗೇ ಹೋದೆ. ಬಾಗಿಲಲ್ಲೇ ಮಗ್ಗದ ಸದ್ದು ಎದೆಗೆ ಬಡಿಯಿತು. ಅಪ್ಪ ಕೈಯಲ್ಲೇ ನಮಸ್ಕಾರ ಮಾಡಿ, ಕೈಯಲ್ಲೇ ಕುರ್ಚಿ ತೋರಿಸಿದ. ನಾನು ವಿಷಯ ವಿವರಿಸತೊಡಗಿದೆ, ಅಂದರೆ ಒದರತೊಡಗಿದೆ. ಅವ್ವ ನನ್ನನ್ನು ನೋಡಿ, ಅಂಗೈ ಕೆಳಗೆ ಮಾಡಿ ಎರಡು ಸಲ ಗಾಳಿಯನ್ನು ಒತ್ತಿದಳು. ಆ ಸನ್ನೆಗೆ ಅಪ್ಪ ತಟ್ಟನೆ ಮಗ್ಗಗಳನ್ನು ನಿಲ್ಲಿಸಿದ. ನಾನು ನಿಲ್ಲಿಸಲಿಲ್ಲ. ಆ ನಿಶ್ಶಬ್ದದಲ್ಲಿ "ನಿಮ್ಮ ಮನಿಯೊಳಗ ಮಾತ ಇಲ್ಲ" ಎಂದು ನಾನು ಒದರಿದ್ದು ಮೂರು ಮನೆಯಾಚೆಗೂ ಕೇಳಿರಬೇಕು. ಪಕ್ಕದ ಮನೆಯ ಮುದುಕಿಯೊಬ್ಬಳು ಜಗಳ ಬಿಡಿಸಲು ಬಂದೇಬಿಟ್ಟಳು.

"ಮಾಸ್ತರ್‍ರ, ಮದ್ಲ ಕುಂಡ್ರಿ," ಎಂದ ಅಪ್ಪ. "ನಮ್ಮ ಕೈ ಮಾತಾಡಿದಷ್ಟು ಊರಾಗ ಯಾರ ಬಾಯಿ ಮಾತಾಡೂದಿಲ್ಲ."

ಶಾಲೆಗೆ ಮರಳುವ ಹೊತ್ತಿಗೆ ನನ್ನ ಸಂಭಾಷಣೆಗಳಿಗೆ ನಾನೇ ಶ್ರಾದ್ಧ ಮಾಡಿದ್ದೆ. ಆದರೆ ಕೆಂಪು ಬಳಿದ ಹಾಳೆ ಕಳಿಸುವಂತಿರಲಿಲ್ಲ. ಭಾಗ್ಯಶ್ರೀ ಹೊಸ ಹಾಳೆಯಲ್ಲಿ ಮೊದಲಿನಿಂದ ಬರೆಯತೊಡಗಿದಳು, ಒಂದೊಂದು ಅಕ್ಷರವನ್ನೂ ಎಳೆ ಪೋಣಿಸಿದ ಹಾಗೆ. ಹೆಡ್‌ಮಾಸ್ತರರು ಚೀಲ ಹೆಗಲಿಗೇರಿಸಿ ಬಾಗಿಲಲ್ಲಿ ನಿಂತರು. ನಾನು ಕಿಟಕಿಯಿಂದ ಬೋರ್ಡಿಗೆ, ಬೋರ್ಡಿನಿಂದ ಕಿಟಕಿಗೆ ತಿರುಗಾಡಿದೆ. ಅವಳು ತಲೆ ಎತ್ತದೆ ಹೇಳಿದಳು: "ಸರ್‍ರೀ, ನೀವು ಕುಂತ್ರ ಲಗೂನ ಆಕ್ಕೈತ್ರೀ." ಕೂತೆ. 'ಅಪ್ಪ ಚಹಾ ಮಾಡಿದ' ಎಂದು ಬರೆದು, ಕೆಳಗೆ ತನ್ನ ಹೆಸರನ್ನು ತುಸು ದಪ್ಪಗೆ ಬರೆದಳು. ಹಾಳೆ ಬಸ್ಸು ಹಿಡಿಯಿತು.

ಸಂಜೆ ಇದನ್ನೆಲ್ಲ ಹೆಂಡತಿಗೆ ಹೇಳಲು ಕೂತೆ. ಆಕೆ ರಬಕವಿಯ ನೇಕಾರರ ಮನೆಯ ಮಗಳು. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ನಾನು ಆಯಿಯಿಂದ ಹಿಡಿದು, ಬೇಟೆನಾಯಿಯನ್ನೂ ಮಾತಾಡಿಸಿ, ಪೆನ್ನಿನ ಮುಚ್ಚಳದವರೆಗೆ ಬಂದಿದ್ದೆ. ಆಕೆ ಹಿಟ್ಟಿನ ಕೈ ಎತ್ತಿ, ಅಂಗೈ ಕೆಳಗೆ ಮಾಡಿ, ಎರಡು ಸಲ ಗಾಳಿಯನ್ನು ಒತ್ತಿದಳು.

ಮದುವೆಯಾದಾಗಿನಿಂದ ನಾನು ಏನು ಹೇಳಲು ಕೂತರೂ ಆಕೆ ಹಾಗೆ ಮಾಡುತ್ತ ಬಂದಿದ್ದಾಳೆ. 'ಅವಸರವಿಲ್ಲ, ನಿಧಾನವಾಗಿ ಹೇಳಿ' ಎಂದು ಅದರ ಅರ್ಥವೆಂದುಕೊಂಡು, ನಾನು ಪ್ರತಿ ಸಲವೂ ಕತೆಯನ್ನು ಇನ್ನಷ್ಟು ಹಿಗ್ಗಿಸುತ್ತ ಬಂದಿದ್ದೇನೆ.