ತಾಂಡೂರು ಕಲ್ಲಿನ ಮೇಲೆ ಸೋಬತ್

ಕುರಿ ಕಾಯುವವನ ಕೈಗೆ ಮಧ್ಯಾಹ್ನ ಮೊಬೈಲು ಸಿಕ್ಕರೆ ಏನಾಗುತ್ತದೆಂಬುದಕ್ಕೆ ತಾಂಡೂರು ಹತ್ತಿರದ ಪೆದ್ದೆಮುಲ್ ಕಡೆಯ ಖಂಡೆಪ್ಪನೇ ಸಾಕ್ಷಿ. ಬೇವಿನ ನೆರಳಲ್ಲಿ ಕೂತು ಅವನೊಂದು ವಿಡಿಯೊ ನೋಡಿದ. ದೇಶದ ಗಡಿಯಾಚೆ ಸಿಂಧೂ ನದಿಯ ದಂಡೆಯಲ್ಲಿ ಸರಾಯ್ಕಿ ಎಂಬ ಜನ ತೆಳ್ಳನೆಯ ರೊಟ್ಟಿ ಚೂರು ಮಾಡಿ, ದೊಡ್ಡ ಪರಾತದಲ್ಲಿ ಹರಡಿ, ಮೇಲೆ ಕೋಳಿ ಸಾರು ಸುರಿದು, ಸುತ್ತ ಕೂತು ಎಲ್ಲರೂ ಅದರಲ್ಲೇ ಕೈಹಾಕಿ ಉಣ್ಣುತ್ತಿದ್ದರು. ಅಡುಗೆಯ ಹೆಸರು ಸೋಬತ್. ಖಂಡೆಪ್ಪನ ಕಣ್ಣು ತುಂಬಿತು. ನಮ್ಮಲ್ಲಿ ಸೋಬತಿ ಎಂದರೆ ಗೆಳೆಯ. ಅಲ್ಲಿ ಗೆಳೆತನವನ್ನೇ ಬೇಯಿಸಿ ಉಣ್ಣುತ್ತಾರಲ್ಲ!

ಅಳುವುದಕ್ಕೆ ಕಾರಣವೂ ಇತ್ತು. ಹೋದ ಮಳೆಗಾಲ ಅವನ ಹೊಲದ ನೀರು ಕೆಳಗಿನ ಹೊಲಕ್ಕೆ ನುಗ್ಗಿ ತಮ್ಮ ಮೌನೇಶನ ತೊಗರಿ ಕೊಳೆತಿತ್ತು. ಒಂದು ಕಾಲುವೆ ತೋಡು ಎಂದು ತಮ್ಮ ಹೇಳಿದ್ದಕ್ಕೆ, ನೀರು ತಗ್ಗಿಗೆ ಹೋಗದೆ ನನ್ನ ತೊಡೆಯ ಮೇಲೆ ಕೂಡುತ್ತದೇನು ಎಂದಿದ್ದ ಖಂಡೆಪ್ಪ. ಅಂದಿನಿಂದ ಮಾತು ಬಂದ್. ಒಂದೇ ಗೋಡೆಯ ಆಚೀಚೆ ಇದ್ದ ಅವರ ಹೆಂಡಂದಿರೂ ಮೌನವ್ರತ ಹಿಡಿದರು. ಆದರೆ ಹೊಟ್ಟೆಯಲ್ಲಿನ ಮಾತು ಎಲ್ಲಿಗೆ ಹೋಗಬೇಕು? ಖಂಡೆಪ್ಪನ ಹೆಂಡತಿ ಮಾಳಮ್ಮ ತನ್ನ ಕುರಿಯನ್ನು ನಾಚಿಕೆಗೇಡಿ ಎಂದು ಬೈದರೆ, ಗೋಡೆಯಾಚೆ ಮೌನೇಶನ ಹೆಂಡತಿ ಭವಾನಿ ತನ್ನ ಮೇಕೆಗೆ ಅದರ ಉತ್ತರ ಹೇಳುತ್ತಿದ್ದಳು. (ಊರಲ್ಲಿ ಅಷ್ಟೊಂದು ಅವಮಾನ ಸಹಿಸಿದ ಮೇಕೆ ಬೇರೊಂದಿಲ್ಲ.)

ಐತವಾರ ತಾನೇ ಸೋಬತ್ ಮಾಡಿ ತಮ್ಮನನ್ನು ಕರೆಯುವುದಾಗಿ ಖಂಡೆಪ್ಪ ಘೋಷಿಸಿದ.

"ಸರಾಯಿ ಕುಡಿಯೋ ಮಂದಿ ಅಡಿಗಿ ನಮ್ಮನಿಯಾಗ ಯಾಕ್ರಿ?" ಎಂದಳು ಮಾಳಮ್ಮ.

ಸರಾಯಿಗೂ ಸರಾಯ್ಕಿಗೂ ಇರುವ ಅಂತರವನ್ನು ವಿವರಿಸುವಷ್ಟರಲ್ಲಿ ಅವನ ಗಂಟಲು ಒಣಗಿತು. ಕೊನೆಗೆ ಆಮಂತ್ರಣವೂ ಪದ್ಧತಿಯಂತೆ ಕುರಿಯ ಮೂಲಕವೇ ಹೋಗಿ, ಒಪ್ಪಿಗೆ ಮೇಕೆಯ ಮೂಲಕ ಬಂತು.

ಮನೆಯಲ್ಲಿ ಅಷ್ಟು ದೊಡ್ಡ ಪರಾತ ಇರಲಿಲ್ಲ. ಖಂಡೆಪ್ಪ ಎದೆಗುಂದಲಿಲ್ಲ. ನೆಲಕ್ಕೆ ಹಾಸಿ ಉಳಿದಿದ್ದ ತಾಂಡೂರು ಕಲ್ಲೊಂದನ್ನು ತಿಕ್ಕಿ ತೊಳೆದು ಪಡಸಾಲೆಯ ನಡುವೆ ಇಟ್ಟ. ತೆಳ್ಳನೆಯ ರೊಟ್ಟಿ ಅವನ ಕೈಗೆ ಬಗ್ಗಲಿಲ್ಲವಾದ್ದರಿಂದ ಒಣಗಿಸಿದ ಜೋಳದ ಕಟಕ್ ರೊಟ್ಟಿಯನ್ನೇ ಮುರಿದು ಹರಡಿದ. ಸಾರು ಎಲ್ಲರಿಗೂ ಸಾಲಲಿ ಎಂಬ ಉದಾರ ಬುದ್ಧಿಯಿಂದ ಇನ್ನೊಂದು ಕೊಡ ನೀರು ಹೊಯ್ದಿದ್ದ.

ನಾಲ್ವರೂ ಕಲ್ಲಿನ ಸುತ್ತ ಮುಖ ಬಿಗಿದುಕೊಂಡು ಕೂತರು. ಮೌನೇಶ ಇಸ್ತ್ರಿ ಮಾಡಿದ ಬಿಳಿ ಧೋತರದಲ್ಲಿ ಬಂದಿದ್ದ. ಖಂಡೆಪ್ಪ ಅಭಿಷೇಕ ಮಾಡುವವನಂತೆ ಬೋಗುಣಿ ಎತ್ತಿ ಸಾರು ಸುರಿದ. ರೊಟ್ಟಿ ಒಂದು ಹನಿಯನ್ನೂ ಹೀರಲಿಲ್ಲ. ಕಲ್ಲಿಗೆ ತಮ್ಮನ ಕಡೆ ಇಳಿಜಾರಿತ್ತು. ಸಾರು ರೊಟ್ಟಿ ಚೂರುಗಳನ್ನು ತೇಲಿಸಿಕೊಂಡು, ಕೋಳಿಯ ಕಾಲೊಂದನ್ನು ಮುಂದಿಟ್ಟುಕೊಂಡು, ಮೆರವಣಿಗೆಯಲ್ಲಿ ಹೋಗಿ ಮೌನೇಶನ ಮಡಿಲು ಸೇರಿತು.

ಮೌನೇಶ ಮಡಿಲಿನ ಕೋಳಿಕಾಲನ್ನು ನೋಡಿದ, ಅಣ್ಣನನ್ನು ನೋಡಿದ. ವರ್ಷದ ನಂತರ ಮೊದಲ ಮಾತು ಆಡಿದ.

"ಅಣ್ಣ, ಹೊಲದಾಗೂ ಹಿಂಗೇ ಬಂದಿತ್ತು."

ಖಂಡೆಪ್ಪ ಸುಮ್ಮನಿದ್ದರೆ ಆಗುತ್ತಿತ್ತು. ರೂಢಿಬಲದಿಂದ, "ತಗ್ಗಿನ್ಯಾಗ ಕುಂತರ ನಾ ಏನ್ ಮಾಡಲಿ?" ಎಂದುಬಿಟ್ಟ.

ವರ್ಷವಿಡೀ ಗಂಡನ ಪರವಾಗಿ ಕುರಿಯೊಡನೆ ವಾದಿಸಿದ್ದ ಮಾಳಮ್ಮ ನಿಧಾನವಾಗಿ ಭವಾನಿಯತ್ತ ತಿರುಗಿದಳು.

"ಇಷ್ಟು ದಿನ ನಿಮ್ಮದೇ ತಪ್ಪು ಅಂದಿದ್ದೆ ನೋಡವ್ವ. ಇವತ್ತು ಕಣ್ಣಾರೆ ಕಂಡೆ."

"ಇರಲಿ ಬಿಡಕ್ಕ. ನೀನರ ಏನ್ ಮಾಡ್ತಿ, ಅವರ ಕೂಡ ಒಂದೇ ಮನಿಯಾಗ ಇರಬೇಕಲ್ಲ," ಎಂದು ಭವಾನಿ ಅವಳ ಕೈ ಹಿಡಿದಳು. ಇಬ್ಬರಿಗೂ ನಗು ತಡೆಯಲಿಲ್ಲ. ಮೌನೇಶನಿಗೆ ಅಣ್ಣನದೇ ಒಗೆದ ಧೋತರ ಕೊಟ್ಟು ಮೂವರೂ ಅಡುಗೆಮನೆ ಸೇರಿದರು. ಬಿಸಿ ರೊಟ್ಟಿ, ಪುಂಡಿಪಲ್ಯದ ವಾಸನೆ ಪಡಸಾಲೆಗೆ ಬಂತು, ಕರೆ ಬರಲಿಲ್ಲ. ಖಂಡೆಪ್ಪ ನೆಲ ಒರೆಸುತ್ತ ಕಿವಿಗೊಟ್ಟ. ಹಳ್ಳದವರೆಗೆ ಕಾಲುವೆ ಯಾರ ಹೊಲದಲ್ಲಿ ತೋಡಬೇಕು ಎಂಬ ಪ್ರಶ್ನೆ ಬಂದಾಗ, ನಮ್ಮ ಹೊಲದಲ್ಲೇ ಆಗಲಿ, ತೋಡಲು ನಮ್ಮ ಮನುಷ್ಯ ಇದ್ದಾನೆ ಎಂದು ಮಾಳಮ್ಮ ಧಾರಾಳವಾಗಿ ಹೇಳುತ್ತಿದ್ದಳು.

ಮರುದಿನ ಬದುವಿನ ಮೇಲೆ ಮೂವರೂ ಸಾಲಾಗಿ ಕೂತು ಚಹಾ ಕುಡಿಯುತ್ತ, ಇನ್ನಷ್ಟು ಆಳ ಬೇಕೆಂದು ಒಮ್ಮತದಿಂದ ಸಲಹೆ ಕೊಡುತ್ತಿದ್ದರು. ಕೆಳಗೆ ಬೆವರು ಸುರಿಸುತ್ತಿದ್ದ ಖಂಡೆಪ್ಪನ ಕೈಯಲ್ಲಿ, ವರ್ಷದ ಮೇಲೆ ಮೌನೇಶ ಪ್ರೀತಿಯಿಂದ ಕೊಟ್ಟ ಮೊದಲ ಕಾಣಿಕೆಯಿತ್ತು: ಹೊಸ ಹಿಡಿಕೆಯ ಸಲಿಕೆ.