ಇಲ್ಲದ ವಿಮಾನದ ಮೂವತ್ನಾಲ್ಕು ನಿಮಿಷ

ಯಾವ ಎರಡು ವಿಮಾನ ನಿಲ್ದಾಣಗಳ ಹೆಸರು ಕೊಟ್ಟರೂ ನಡುವಿನ ದೂರವನ್ನೂ ಹಾರಾಟದ ಅವಧಿಯನ್ನೂ ಕಣ್ಣು ಮಿಟುಕಿಸುವಷ್ಟರಲ್ಲಿ ತಿಳಿಸುವ ಜಾಲತಾಣದ ಘನ ಸನ್ನಿಧಾನಕ್ಕೆ,

ಮಾನ್ಯರೇ,

ತಾವೂ ತಮ್ಮ ಅಂಕಿಗಳೂ ಕ್ಷೇಮವೆಂದು ನಂಬಿದ್ದೇನೆ. ನಾನು ಮೂವತ್ತು ವರ್ಷಗಳಿಂದ ಗಡಿಯಾರ ರಿಪೇರಿ ಮಾಡಿಕೊಂಡಿರುವವನು. ಯಾರಾದರೂ 'ಸುಮಾರು ಅರ್ಧ ಗಂಟೆ' ಎಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ತಾವು ಹಾಗನ್ನಲಿಲ್ಲ. ನಮ್ಮೂರಿನ ನಿಲ್ದಾಣದಿಂದ ಅಕ್ಕನ ಊರಿನ ನಿಲ್ದಾಣಕ್ಕೆ ನೂರ ಎಂಬತ್ತೇಳು ಕಿಲೋಮೀಟರ್, ಮೂವತ್ನಾಲ್ಕು ನಿಮಿಷ ಎಂದು ಖಡಾಖಂಡಿತವಾಗಿ ಹೇಳಿದಿರಿ. ನಿಮಿಷದ ಮರ್ಯಾದೆ ಬಲ್ಲವರು ಇನ್ನೂ ಒಬ್ಬರಿದ್ದಾರಲ್ಲ ಎಂದು ನನಗೆ ಕಣ್ತುಂಬಿ ಬಂತು.

ವಿಷಯ ಇಷ್ಟೇ. ಅಕ್ಕನ ಬಲಗಣ್ಣಿಗೆ ಪೊರೆಯ ಆಪರೇಷನ್ ಆಗಿತ್ತು. ಎರಡು ವರ್ಷದಿಂದ ಯಾರ ಮುಖವನ್ನೂ ಸರಿಯಾಗಿ ಕಾಣದವಳು, "ಪಟ್ಟಿ ಬಿಚ್ಚಿದ ತಕ್ಷಣ ಮೊದಲು ನಿನ್ನ ಮುಖಾನೇ ನೋಡ್ಬೇಕು ಕಣೋ, ತಡ ಮಾಡಿದ್ರೆ ನೋಡು ಮತ್ತೆ" ಎಂದು ಫೋನಿನಲ್ಲಿ ಆಣೆ ಮಾಡಿಸಿಕೊಂಡಿದ್ದಳು. ಪಟ್ಟಿ ಬಿಚ್ಚುವುದು ಮಧ್ಯಾಹ್ನ ಹನ್ನೆರಡಕ್ಕೆ. ತಮ್ಮ ಮಾತು ನಂಬಿ ನಾನು ಹತ್ತೂವರೆಯವರೆಗೆ ಅಂಗಡಿಯಲ್ಲೇ ಕೂತು ಒಂದು ಅಲಾರಾಂ ಗಡಿಯಾರದ ಸ್ಪ್ರಿಂಗ್ ಬದಲಾಯಿಸಿ, ಬಸ್ಸಿನ ಹಾಗೆ ಅಲ್ಲೇ ಟಿಕೆಟ್ ತೆಗೆದುಕೊಂಡರಾಯಿತೆಂದು ಆರಾಮಾಗಿ ನಿಲ್ದಾಣಕ್ಕೆ ಹೋದೆ.

ಕೌಂಟರಿನ ಹೆಣ್ಣುಮಗಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಆ ಊರಿಗೆ ಇಲ್ಲಿಂದ ವಿಮಾನಾನೇ ಇಲ್ವಲ್ಲ ಸಾರ್, ಯಾವತ್ತೂ ಇರ್ಲಿಲ್ಲ" ಎಂದಳು. ತಮ್ಮ ಪುಟ ತೋರಿಸಿದೆ. ಅವಳು ಅದನ್ನು ಬೆರಳಿನಿಂದ ಪಾತಾಳದವರೆಗೂ ಜಾರಿಸಿ, ಇರುವೆ ಗಾತ್ರದ ಅಕ್ಷರದ ಸಾಲೊಂದನ್ನು ಓದಿ ಹೇಳಿದಳು: ವಿಮಾನ ಇದ್ದಲ್ಲಿ ಇಷ್ಟು ಹೊತ್ತು ಹಿಡಿಯುತ್ತದೆ. ಆಹಾ! ಇಲ್ಲದ ವಿಮಾನವನ್ನು ಒಂದು ನಿಮಿಷವೂ ತಡವಾಗದಂತೆ ಓಡಿಸುವ ತಮ್ಮ ದಕ್ಷತೆಗೆ ಏನೆನ್ನಲಿ? ಇರುವ ವಿಮಾನಗಳೆಲ್ಲ ತಮ್ಮ ಕಾಲಿಗೆ ಬಿದ್ದು ಕಲಿಯಬೇಕು.

ಬಸ್ಸಿನಲ್ಲಿ ಆರೂಮುಕ್ಕಾಲು ಗಂಟೆ ಕುಲುಕಿಸಿಕೊಂಡು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅಕ್ಕ ಗೋಡೆ, ಫ್ಯಾನು, ಪಕ್ಕದ ಮಂಚದವಳ ಚಪ್ಪಲಿ ಎಲ್ಲವನ್ನೂ ನೋಡಿ ಮುಗಿಸಿದ್ದಳು. ಮೊದಲು ಕಂಡದ್ದು ನೆಲ ಒರೆಸಲು ಬಂದಿದ್ದವನ ಮುಖವಂತೆ, ನಾನೇ ಎಂದುಕೊಂಡು ಅವನ ಕೆನ್ನೆ ಸವರಿ, "ಎಷ್ಟು ಲಕ್ಷಣವಾಗಿದ್ದೀಯೋ!" ಎಂದು ಅತ್ತಳಂತೆ. ನನ್ನನ್ನು ನೋಡಿ ಅಳಲಿಲ್ಲ. "ಅವನೇ ವಾಸಿ" ಎಂದಷ್ಟೇ ಹೇಳಿ ಗೋಡೆ ಕಡೆ ತಿರುಗಿ ಮಲಗಿದಳು.

ಆದ್ದರಿಂದ ತಮ್ಮಲ್ಲಿ ಸವಿನಯ ಪ್ರಾರ್ಥನೆ. ತಮ್ಮ ಲೆಕ್ಕದ ಪ್ರಕಾರ ನಾನು ಹನ್ನೊಂದೂಮುಕ್ಕಾಲಿಗೇ ಅಕ್ಕನ ಮಂಚದ ಪಕ್ಕ ಕೂತಿದ್ದೆ. ಹಾಗೆಂದು ದೃಢೀಕರಣ ಪತ್ರವೊಂದನ್ನು, ಅವಳು ಕನ್ನಡಕವಿಲ್ಲದೆ ಓದುವಷ್ಟು ದೊಡ್ಡ ಅಕ್ಷರದಲ್ಲಿ ಕಳುಹಿಸಿಕೊಡಬೇಕು. ಆಗದಿದ್ದರೆ ಎರಡೂ ಊರುಗಳನ್ನು ತುಸು ಹತ್ತಿರಕ್ಕೆ ಸರಿಸಿಕೊಡಿ. ಅದೂ ಕಷ್ಟವಾದರೆ ತಾವು ಅಳತೆಗೆ ಬಳಸಿದ ವಿಮಾನವನ್ನು ಒಂದೇ ಒಂದು ದಿನಕ್ಕೆ ಕೊಡಿ, ತೊಳೆದು ವಾಪಸ್ ತಲುಪಿಸುತ್ತೇನೆ.

ನಿಮಿಷಕ್ಕೆ ನಿಮಿಷ ನಂಬಿ ಕೆಟ್ಟ
ತಮ್ಮ ವಿಶ್ವಾಸಿ,
ಗಡಿಯಾರದ ಅಂಗಡಿಯವನು

ಬರೆಯಲು ಮರೆತದ್ದು: ಅಕ್ಕನ ಎಡಗಣ್ಣಿಗೂ ಆಪರೇಷನ್ ಇದೆ, ಅದರ ಪಟ್ಟಿ ಬಿಚ್ಚುವುದು ಮುಂದಿನ ಮಂಗಳವಾರ ಹನ್ನೆರಡಕ್ಕೆ. ಇವತ್ತಿನ್ನೂ ಗುರುವಾರ. ಈ ಪತ್ರವನ್ನು ಅವಳ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಇಲ್ಲಿಂದ ಅವಳ ಮಂಚಕ್ಕೆ ಹನ್ನೊಂದು ಹೆಜ್ಜೆ. ಹಾರಾಟದ ಅವಧಿ ತಿಳಿಸುವ ತೊಂದರೆ ತೆಗೆದುಕೊಳ್ಳಬೇಡಿ.